ಬೆಳಿಗ್ಗೆ ಹತ್ತಿದ ದೀಪ, ಮಧ್ಯಾಹ್ನ ಹತ್ತಿದ ದೀಪ

ನಮಸ್ಕಾರ. ಇವತ್ತು ಒಂದು ದೀಪದ ಬಗ್ಗೆ ಮಾತಾಡುತ್ತೇನೆ. ದೇವರ ಮುಂದಿನ ದೀಪ ಅಲ್ಲ. ಆದರೆ ಇದನ್ನು ಕಂಡಾಗಲೂ ಬಾಯಲ್ಲಿ ದೇವರ ಹೆಸರೇ ಬರುತ್ತದೆ.

ನಾನು ಶಾರ್ಜಾದಲ್ಲಿ ಇದ್ದಾಗ ನನ್ನ ಹತ್ತಿರ ಒಂದು ಹಳೆ ಜಪಾನಿ ಫೋರ್ ವೀಲ್ ಡ್ರೈವ್ ಇತ್ತು. 1994ರ ಮಾಡೆಲ್, ಆಟೊಮ್ಯಾಟಿಕ್ ಗೇರ್, ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿ. ಜನವರಿಯ ಒಂದು ಬೆಳಿಗ್ಗೆ, ಅಲ್ಲೂ ಸ್ವಲ್ಪ ಚಳಿ ಇರುವ ಕಾಲ, ಗಾಡಿ ಸ್ಟಾರ್ಟ್ ಮಾಡಿ ಗೇಟು ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ 'ಎ/ಟಿ ಆಯಿಲ್ ಟೆಂಪ್' ಅಂತ ದೀಪ ಹತ್ತಿಕೊಂಡಿತು. ಗೇರ್‌ಬಾಕ್ಸಿನ ಎಣ್ಣೆ ಮಿತಿ ಮೀರಿ ಕಾದಿದೆ ಅಂತ ಅದರ ಅರ್ಥ.

ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿಯವರು ಬಾನೆಟ್ ಕೂಡ ಎತ್ತಲಿಲ್ಲ. ಗೇರ್‌ಬಾಕ್ಸ್ ಮುಗೀತು, ಇಳಿಸಬೇಕು ಅಂದರು. ಹೇಳಿದ ರೇಟು ಗಾಡಿಯ ಬೆಲೆಯ ಅರ್ಧ. ಸಪ್ಪೆ ಮುಖ ಮಾಡಿಕೊಂಡು ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಒಬ್ಬ ಹಳೆ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಭಟ್ಕಳದವರು, ನಾನು ಅವರನ್ನು ಭಾಯ್ ಅಂತಲೇ ಕರೆಯುತ್ತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ದೀಪ ಹತ್ತೋದು ಯಾವಾಗ?" ಸ್ಟಾರ್ಟ್ ಮಾಡಿ ಒಂದು ನಿಮಿಷಕ್ಕೆ, ಅಂದೆ. ಅವರು ನಕ್ಕರು. "ಒಂದು ನಿಮಿಷಕ್ಕೆ ಚಹಾನೇ ಕಾಯಲ್ಲ, ಗೇರ್‌ಬಾಕ್ಸ್ ಹೇಗೆ ಕಾಯುತ್ತೆ?"

ನೋಡಿ, ಎಷ್ಟು ಸಣ್ಣ ಮಾತು, ಆದರೆ ನನಗೆ ಹೊಳೆದಿರಲಿಲ್ಲ. ಓಡುವಾಗ ಈ ಎಣ್ಣೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿಯಲ್ಲಿ ಇರುತ್ತದೆ. ದೀಪ ಹತ್ತೋದು ಅದಕ್ಕಿಂತ ಎಷ್ಟೋ ಮೇಲೆ. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿ ಒಂದು ನಿಮಿಷದಲ್ಲಿ ಅಲ್ಲಿಗೆ ಮುಟ್ಟಲು ಸಾಧ್ಯವೇ ಇಲ್ಲ.

ಹಳೆ ಗಾಡಿಗಳಲ್ಲಿ ಎಷ್ಟೋ ಕಡೆ ಆ ದೀಪದ ಹಿಂದೆ ಇರೋದು ಬರೀ ಒಂದು ಸ್ವಿಚ್. ಎಣ್ಣೆ ಕಾದರೆ ಸ್ವಿಚ್ ಒಳಗೆ ಕೂಡಿಕೊಂಡು ವೈರನ್ನು ಅರ್ಥ್ ಮಾಡುತ್ತದೆ, ಅಂದ್ರೆ ಗಾಡಿಯ ಲೋಹದ ಮೈಗೆ ಸೇರಿಸುತ್ತದೆ, ದೀಪ ಹತ್ತುತ್ತದೆ. ಅಂದ ಮೇಲೆ ಆ ವೈರು ದಾರಿಯಲ್ಲಿ ಎಲ್ಲಿ ಆ ಲೋಹಕ್ಕೆ ತಾಗಿದರೂ ದೀಪ ಹತ್ತಲೇಬೇಕು, ಅಲ್ವಾ? ದೀಪಕ್ಕೆ ಶಾಖವೂ ಗೊತ್ತಿಲ್ಲ, ಎಣ್ಣೆಯೂ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಅರ್ಥ್ ಮಾತ್ರ. ಭಾಯ್ ಗಾಡಿಯ ಅಡಿಗೆ ಮಲಗಿ ಸ್ವಿಚ್ಚಿನ ಕನೆಕ್ಟರ್ ಕಿತ್ತರು. ದೀಪ ಆರಲಿಲ್ಲ. ಅಲ್ಲಿಗೆ ಸ್ವಿಚ್ಚೂ ನಿರಪರಾಧಿ, ಗೇರ್‌ಬಾಕ್ಸೂ ನಿರಪರಾಧಿ. ತಪ್ಪು ವೈರಿನದ್ದು. ಎಲ್ಲ ಗಾಡಿಗೂ ಇದೇ ಲೆಕ್ಕ ಹಾಕಬೇಡಿ, ಕೆಲವದರಲ್ಲಿ ಸೆನ್ಸರ್ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಕನೆಕ್ಟರ್ ಕಿತ್ತರೆ ಬೇರೆ ದೀಪ ಹತ್ತಿ ಇನ್ನಷ್ಟು ಗೊಂದಲ.

ವೈರನ್ನು ಕೈಯಲ್ಲೇ ಸವರುತ್ತಾ ಹೋದರು. ಸೈಲೆನ್ಸರ್ ಪೈಪಿನ ಹತ್ತಿರ, ಒಂದು ಬ್ರಾಕೆಟ್ಟಿನ ಅಂಚಿನಲ್ಲಿ ಸಿಕ್ಕಿತು. ಇಷ್ಟು ವರ್ಷದ ಬಿಸಿಗೆ ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿತ್ತು, ಬೆರಳು ತಾಗಿದರೆ ಪುಡಿ. ಒಳಗಿನ ತಾಮ್ರ ಬ್ರಾಕೆಟ್ಟಿಗೆ ಅಂಟಿ ಕೂತಿತ್ತು. ಒಂದಡಿ ಹೊಸ ವೈರು, ಬೆಸುಗೆ, ಮೇಲೊಂದು ಸ್ಲೀವು. ಖರ್ಚು 20 ದಿರ್ಹಂ, ಮೇಲೆ ಇಬ್ಬರಿಗೂ ಕರಕ್ ಚಾ.

ಅವತ್ತು ಅವರು ಇನ್ನೊಂದು ವಿಷಯ ಹೇಳಿಕೊಟ್ಟರು. ಕೀ ಆನ್ ಮಾಡಿದಾಗ ಈ ದೀಪ ಉಳಿದ ದೀಪಗಳ ಜೊತೆ ಒಮ್ಮೆ ಹತ್ತಿ ಆರುತ್ತಾ ಅಂತ ನೋಡಬೇಕು. ಹತ್ತಲೇ ಇಲ್ಲ ಅಂದ್ರೆ ಬಲ್ಬ್ ಹೋಗಿದೆ, ಅಥವಾ ಮಾರುವ ಮುಂಚೆ ಯಾರೋ ಪುಣ್ಯಾತ್ಮ ಕಿತ್ತಿಟ್ಟಿದ್ದಾನೆ. ಹಳೆ ಗಾಡಿ ಕೊಳ್ಳುವವರು ಟೈರ್ ಒದ್ದು ನೋಡುವ ಬದಲು ಇದನ್ನು ನೋಡಿದರೆ ಒಳ್ಳೆಯದು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬುದ್ಧಿವಂತ ಅಂತ ಆಗುತ್ತಿತ್ತು. ಎರಡು ತಿಂಗಳು ಕಳೆದು, ರಜೆಯ ದಿನ ಮನೆಯವರನ್ನು ಕೂರಿಸಿಕೊಂಡು ಹತ್ತಾ ಅನ್ನುವ ಊರಿನ ರಸ್ತೆಯ ಅಲ್ ಬದಾಯರ್ ಮರಳುದಿಬ್ಬಗಳಿಗೆ ಹೋದೆ. ಮಟಮಟ ಮಧ್ಯಾಹ್ನ. ಮರಳಿಗೆ ಇಳಿಯುವ ಮುಂಚೆ, ಚಕ್ರ ಹೂಳದ ಹಾಗೆ, ಟೈರಿನ ಗಾಳಿ 15 ಪಿಎಸ್‌ಐ ಆಸುಪಾಸಿಗೆ ಇಳಿಸಬೇಕು. ನಾನು ಸೋಮಾರಿತನಕ್ಕೆ 25ಕ್ಕೇ ಬಿಟ್ಟಿದ್ದೆ. ಮೂರನೇ ದಿಬ್ಬ ಹತ್ತುವಾಗ ದೀಪ ಹತ್ತಿತು. ಹೆಂಡತಿ ತೋರಿಸಿದಳು. "ಅದು ಸುಮ್ನೆ, ವೈರ್ ಮತ್ತೆ ತಾಗಿರಬೇಕು" ಅಂದೆ. ಇನ್ನೂ ಎರಡು ದಿಬ್ಬ ಹತ್ತಿಸಿದೆ. ಆಮೇಲೆ ವಾಸನೆ ಬಂತು. ಆಲೆಮನೆಯಲ್ಲಿ ಬೆಲ್ಲ ತಳ ಹಿಡಿದಾಗ ಬರುತ್ತಲ್ಲ, ಆ ಥರ.

ಈಗ ಮರಳಲ್ಲಿ ಯಾಕೆ ಹೀಗೆ ಅಂತ ಹೇಳುತ್ತೇನೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದೆ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ಅಂದ್ರೆ ಹೆಚ್ಚುಕಮ್ಮಿ ಅದೇ, ಗಾಳಿಯ ಜಾಗದಲ್ಲಿ ಎಣ್ಣೆ. ಹೆದ್ದಾರಿಯಲ್ಲಿ ವೇಗ ಬಂದ ಮೇಲೆ ಒಳಗೊಂದು ಕ್ಲಚ್ ಎರಡನ್ನೂ ಸೇರಿಸಿ ಬೀಗ ಹಾಕುತ್ತದೆ, ಜಾರುವಿಕೆ ನಿಲ್ಲುತ್ತದೆ. ಮರಳಲ್ಲಿ ಆ ವೇಗ ಬರೋದೇ ಇಲ್ಲ. ಎಂಜಿನ್ ಕಿರುಚುತ್ತದೆ, ಚಕ್ರ ತೆವಳುತ್ತದೆ, ನಡುವೆ ಕಳೆದುಹೋದ ಶಕ್ತಿಯೆಲ್ಲ ಎಣ್ಣೆಗೆ ಬಿಸಿಯಾಗಿ ಸೇರುತ್ತದೆ.

ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ, ಅದೊಂದು ಬುದ್ಧಿ ಇತ್ತು. ಆಫ್ ಮಾಡಿದರೆ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ಕಾದ ಎಣ್ಣೆ ಅದನ್ನು ತಣಿಸುವ ಕೂಲರಿಗೆ ಹೋಗದೆ ಅಲ್ಲೇ ಕೂತು ಸುಡುತ್ತದೆ. ಪಾರ್ಕ್‌ಗೆ ಹಾಕಿ ಐಡಲ್‌ನಲ್ಲಿ ಬಿಟ್ಟೆ. ಕ್ರೈಸ್ಲರ್ ಗೇರ್‌ಬಾಕ್ಸ್ ಇರುವ ಕೆಲವು ಹಳೆ ಜೀಪುಗಳಲ್ಲಿ ಮಾತ್ರ ಪಾರ್ಕ್‌ನಲ್ಲಿ ಕನ್ವರ್ಟರಿಗೆ ಎಣ್ಣೆ ಹೋಗುವುದಿಲ್ಲ, ಅಲ್ಲಿ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ನನ್ನ ದೀಪ ಆರಲು ಹನ್ನೆರಡು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಹೆಂಡತಿ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ.

ಮಾರನೇ ದಿನ ಮತ್ತೆ ಭಾಯ್. ಮೊದಲು ಗೇಜು, ಅಂದ್ರೆ ಎಣ್ಣೆ ಅಳೆಯುವ ಕಡ್ಡಿ, ಎಳೆದು ಎಣ್ಣೆಯ ಒಂದು ತೊಟ್ಟು ಬಿಳಿ ಟಿಶ್ಯೂ ಮೇಲೆ ಬಿಟ್ಟರು. ಕೆಂಪಗೆ ಇರಬೇಕಾದ್ದು ಕಂದು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ರೋಸ್ ಮಿಲ್ಕ್ ಥರ ಇದ್ದಿದ್ದರೆ ಕತೆ ಬೇರೆ, ರೇಡಿಯೇಟರ್ ನೀರು ಒಳಗೆ ಸೇರಿದೆ ಅಂತ. ಹಾಗಿರಲಿಲ್ಲ. ಗಾಡಿಯನ್ನು ಅರ್ಧ ಗಂಟೆ ಓಡಿಸಿ ಬಂದು ಕೂಲರಿನ ಎರಡೂ ಪೈಪುಗಳಿಗೆ ಕರಿ ಟೇಪ್ ಸುತ್ತಿ ಟೆಂಪರೇಚರ್ ಗನ್ ಹಿಡಿದರು. ಹೊಳೆಯುವ ಲೋಹಕ್ಕೆ ನೇರ ಹಿಡಿದರೆ ಆ ಗನ್ನು ಕಮ್ಮಿ ತೋರಿಸುತ್ತದೆ, ಅದಕ್ಕೆ ಟೇಪು. ಕೂಲರಿಗೆ ಹೋಗುವ ಪೈಪು 108, ವಾಪಸ್ ಬರುವುದು 79. ನನಗೆ ಖುಷಿ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದುಕೊಂಡೆ.

ಭಾಯ್ ತಲೆ ಅಲ್ಲಾಡಿಸಿದರು. ವಾಪಸ್ ಬರುವ ಪೈಪು ಬಿಚ್ಚಿ ಒಂದು ಲೀಟರ್ ನೀರಿನ ಬಾಟಲಿಗೆ ಹಿಡಿದು, ಎಂಜಿನ್ ಚಾಲೂ ಮಾಡು ಅಂದರು. ಐಡಲ್‌ನಲ್ಲಿ 20-30 ಸೆಕೆಂಡಿಗೆ ಬಾಟಲಿ ತುಂಬಬೇಕು. ನಮ್ಮದು ಒಂದು ನಿಮಿಷ ಕಳೆದರೂ ಅರ್ಧ. ಕೂಲರ್ ಒಳಗೆ ಕಟ್ಟಿಕೊಂಡಿತ್ತು. ಎಣ್ಣೆ ತೊಟ್ಟಿಕ್ಕುವಷ್ಟು ನಿಧಾನ ಹೋದರೆ ತಣ್ಣಗಾಗಿಯೇ ಬರುತ್ತದೆ, ಆದರೆ ಬರುವುದೇ ಇಷ್ಟು, ಗೇರ್‌ಬಾಕ್ಸಿಗೆ ಏನು ಸಾಕು? ಬರೀ ಗನ್ ನಂಬಿದ್ದರೆ ಕೂಲರ್ ಸರಿ ಇದೆ ಅಂತ ಬಿಟ್ಟು ಗೇರ್‌ಬಾಕ್ಸೇ ಇಳಿಸುತ್ತಿದ್ದೆವು.

ಕೂಲರ್ ರೇಡಿಯೇಟರಿನ ಕೆಳಗಿನ ಟ್ಯಾಂಕಿನೊಳಗೇ ಇರುವುದರಿಂದ ರೇಡಿಯೇಟರನ್ನೇ ಬದಲಿಸಿದೆವು, ಮುಂದೆ ಇನ್ನೊಂದು ಸಣ್ಣ ಕೂಲರ್ ಕೂರಿಸಿದೆವು. ಎಣ್ಣೆ ಒಮ್ಮೆ ಇಳಿಸಿದರೆ ಪೂರ್ತಿ ಬರುವುದಿಲ್ಲ, ಕನ್ವರ್ಟರಿನಲ್ಲಿ ತುಂಬ ಉಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆಯಂತೆ ಮೂರು ಸಲ ಇಳಿಸಿ ತುಂಬಿದೆವು. ಮೆಷಿನ್ ಹಾಕಿ ಒಂದೇ ಏಟಿಗೆ ತೊಳೆಯುತ್ತೇವೆ ಅನ್ನುವವರೂ ಇದ್ದಾರೆ. ಇಷ್ಟು ಹಳೆ ಗೇರ್‌ಬಾಕ್ಸಿಗೆ ನನಗಂತೂ ಧೈರ್ಯ ಬರಲಿಲ್ಲ.

ಊರಿಗೆ ವಾಪಸ್ ಬರುವಾಗ ಆ ಗಾಡಿಯನ್ನು ಕುಂದಾಪುರದ ಒಬ್ಬ ಹುಡುಗನಿಗೆ ಮಾರಿದೆ. ಈ ಕಥೆಯನ್ನೆಲ್ಲ ಅವನಿಗೂ ಹೇಳಿದ್ದೆ. ನೋಡಲು ಬಂದವನು ಬಾನೆಟ್ ಎತ್ತಲಿಲ್ಲ, ಸೀಟು ಮುಟ್ಟಿ ನೋಡಲಿಲ್ಲ. ನೇರ ಒಳಗೆ ಕೂತು, ಕೀ ಆನ್ ಮಾಡಿ, ಡ್ಯಾಶ್‌ಬೋರ್ಡಿಗೆ ಬಗ್ಗಿ ನೋಡಿದ. "ಹತ್ತಿತು ಅಣ್ಣ" ಅಂದ.