ದೂರದ ಹಿಮ, ಅಂಗಳದ ಉಪ್ಪುನೀರು

ಕೇಳುಗರಿಗೆ ನಮಸ್ಕಾರ. ಧ್ರುವದ ಹಿಮ ಕರಗಿದರೆ ಅದರ ಪೆಟ್ಟು ಹತ್ತಿರದವರಿಗೆ ಹೆಚ್ಚು, ದೂರದವರಿಗೆ ಕಡಿಮೆ ಎಂದು ನಾವು ಸಹಜವಾಗಿ ಎಣಿಸುತ್ತೇವೆ. ಕಡಲಿನ ಮಟ್ಟಿಗೆ ಈ ಎಣಿಕೆ ಬಹುಪಾಲು ತಲೆಕೆಳಗು. ಗ್ರೀನ್‌ಲ್ಯಾಂಡಿನ ನೆಲದ ಮೇಲೆ ಕೆಲವೆಡೆ 3 ಕಿಲೋಮೀಟರಿಗೂ ದಪ್ಪವಾಗಿ ಕೂತಿರುವ ಹಿಮರಾಶಿಯು ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ತನ್ನತ್ತ ಸೆಳೆದು ಹಿಡಿದಿದೆ. ರಾಶಿ ಕರಗಿದಷ್ಟೂ ಆ ಹಿಡಿತ ಸಡಿಲವಾಗುತ್ತದೆ, ಭಾರ ಇಳಿದ ನೆಲವೂ ಮೇಲೇಳುತ್ತದೆ. ಹೀಗಾಗಿ ಈ ಕರಗುವಿಕೆಯಿಂದ ಗ್ರೀನ್‌ಲ್ಯಾಂಡಿನ ತೀರದಲ್ಲಿ ಕಡಲ ಮಟ್ಟ ಇಳಿದರೆ, ದೂರದ ಉಷ್ಣವಲಯದ ದ್ವೀಪಗಳಲ್ಲಿ ಅದು ಸರಾಸರಿಗಿಂತ ಹೆಚ್ಚು ಏರುತ್ತದೆ.

ಪೆಸಿಫಿಕ್ ಸಾಗರದ ಟುವಾಲು ಅಂಥ ದೇಶ. ಒಂಬತ್ತು ಹವಳದ ದ್ವೀಪಗಳು, ಸುಮಾರು 11,000 ಜನ. ಅಲ್ಲಿಯವರು ನೆಲದಡಿಯ ಸಿಹಿನೀರು ತಾಗುವವರೆಗೆ ಗುಂಡಿ ತೋಡಿ, ನಮ್ಮ ಕೆಸುವಿನ ಬಳಗದ್ದೇ ಆದ ಪುಲಾಕ ಎಂಬ ಗೆಡ್ಡೆಯನ್ನು ತಲೆತಲಾಂತರದಿಂದ ಬೆಳೆದಿದ್ದಾರೆ. ಕಡಲು ಏರಿದಾಗ ನೀರು ದಡ ದಾಟಿಯೇ ಬರಬೇಕೆಂದಿಲ್ಲ. ತೂತುತೂತಾದ ಹವಳದ ನೆಲದೊಳಗಿಂದಲೇ ಉಪ್ಪುನೀರು ಜಿನುಗಿ ಗುಂಡಿ ಸೇರುತ್ತದೆ, ಗೆಡ್ಡೆ ಕೊಳೆಯುತ್ತದೆ. ತಡೆಗೋಡೆ ಎಷ್ಟು ಎತ್ತರವಿದ್ದರೂ ಇದಕ್ಕೆ ಪರಿಹಾರವಲ್ಲ. ವರ್ಷಕ್ಕೆ 280 ಟುವಾಲು ಜನರಿಗೆ ನೆಲೆಸಲು ಅವಕಾಶ ಕೊಡುವ ಒಪ್ಪಂದಕ್ಕೆ ಆಸ್ಟ್ರೇಲಿಯಾ 2023ರಲ್ಲಿ ಸಹಿ ಹಾಕಿತು. ಭೂಮಿಯನ್ನು ಬಿಸಿಮಾಡಿದ ಹೊಗೆಯಲ್ಲಿ ಪಾಲೇ ಇಲ್ಲವೆನ್ನಬಹುದಾದ ಜನ ಹೀಗೆ ಊರು ಬಿಡುವುದನ್ನು ಬರಿಯ ವಲಸೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಕಡಲಿನ ಮೇಲೆಯೇ ಹೆಪ್ಪುಗಟ್ಟಿ ತೇಲುವ ಹಿಮದ ಕಥೆ ಬೇರೆ. ಅದು ಕರಗಿದರೆ ನೀರಿನ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ; ಪೆಟ್ಟು ಬೀಳುವುದು ಜೀವಿಗಳಿಗೆ. ಅಂಟಾರ್ಕ್ಟಿಕದ ಸುತ್ತ ಈ ಹಿಮದ ಅಡಿಭಾಗದಲ್ಲಿ ಪಾಚಿ ಬೆಳೆಯುತ್ತದೆ. ಸಿಗಡಿಯಂಥ ಕ್ರಿಲ್‌ನ ಮರಿಗಳು ಚಳಿಗಾಲವನ್ನು ಆ ಪಾಚಿ ಮೇಯ್ದು ಕಳೆಯುತ್ತವೆ. ಹಿಮ ತಡವಾಗಿ ಕಟ್ಟಿ ಬೇಗ ಒಡೆದರೆ ಮರಿಗಳಿಗೆ ಮೇವೂ ಇಲ್ಲ, ಮರೆಯೂ ಇಲ್ಲ. ಪೆಂಗ್ವಿನ್, ಸೀಲ್, ತಿಮಿಂಗಿಲಗಳ ಹೊಟ್ಟೆ ತುಂಬುವುದು ಈ ಕ್ರಿಲ್‌ನಿಂದಲೇ. ಅಲ್ಲಿ ಬೇಸಿಗೆಯಿಡೀ ಕ್ರಿಲ್ ತಿಂದು ಕೊಬ್ಬಿದ ಹಂಪ್‌ಬ್ಯಾಕ್ ತಿಮಿಂಗಿಲಗಳು ಸಾವಿರಾರು ಕಿಲೋಮೀಟರು ಈಜಿ, ಮರಿ ಹಾಕಲು ಪೆಸಿಫಿಕ್ಕಿನ ಟೋಂಗಾ ದ್ವೀಪಗಳ ಬೆಚ್ಚನೆಯ ನೀರಿಗೆ ಬರುತ್ತವೆ. ಅವುಗಳನ್ನು ನೋಡಲು ಬರುವ ಪ್ರವಾಸಿಗರಿಂದ ಅಲ್ಲಿನ ಹಲವು ಮನೆಗಳ ಒಲೆ ಉರಿಯುತ್ತದೆ. ಅಲ್ಲಿದ್ದಷ್ಟು ದಿನ ತಾಯಿ ತಿಮಿಂಗಿಲ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ. ಅಂಟಾರ್ಕ್ಟಿಕದ ಹಿಮದಂಚಿನಲ್ಲಿ ಮೈಗೂಡಿಸಿಕೊಂಡ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲೂಡಿಸುತ್ತದೆ.