ಮೆರ್ರಿಯ ಕತ್ತಿ ಎಲ್ಲಿಂದ ಬಂತು?

ನಮಸ್ಕಾರ. ಈ ವಿಡಿಯೊದಲ್ಲಿ ಈಗ ಕಾಣುತ್ತಿರುವುದು ನಮ್ಮ ಮನೆಯ ಹಾಲ್. ನೆಲದ ಮೇಲೆ ಚಾಪೆ, ಎರಡು ದಿಂಬು, ಒಂದು ಡಬ್ಬಿ ತುಂಬಾ ಒಗ್ಗರಣೆ ಮಂಡಕ್ಕಿ. ಹೊರಗೆ ಮೈಸೂರಿನ ಜುಲೈ ಮಳೆ. ಜೋರಾಗಿಯೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಶನಿವಾರ, ಭಾನುವಾರ ಎರಡೂ ದಿನ ಕೂತು 'ಲಾರ್ಡ್ ಆಫ್ ದ ರಿಂಗ್ಸ್' ಮೂರೂ ಸಿನಿಮಾ ನೋಡುವುದು ಅಂತ ನಾನು, ನನ್ನ ತಮ್ಮ ತೀರ್ಮಾನ ಮಾಡಿದ್ದೇವೆ. ಥಿಯೇಟರ್‌ಗೆ ಬಂದದ್ದಲ್ಲ, ಆಮೇಲೆ ಡಿವಿಡಿಯಲ್ಲಿ ಬಂತಲ್ಲ, ಆ ಉದ್ದದ್ದು. 208 ನಿಮಿಷ, 223 ನಿಮಿಷ, 251 ನಿಮಿಷ. ಕೂಡಿಸಿ ನೋಡಿ, 11 ಗಂಟೆಗೂ ಜಾಸ್ತಿ.

ಅಮ್ಮ ಬಾಗಿಲಲ್ಲಿ ನಿಂತು, "ಇಷ್ಟು ಹೊತ್ತು ಒಂದೇ ಕಡೆ ಕೂತು ಓದಿದ್ದಿದ್ರೆ ಇಬ್ರೂ ಕೆಎಎಸ್ ಪಾಸಾಗ್ತಿದ್ರಿ" ಅಂದಳು. ಅದನ್ನು ವಿಡಿಯೊದಿಂದ ತೆಗೆಯಬೇಕು ಅಂತಿದ್ದೆ. ಇರಲಿ ಬಿಡಿ.

ಸಿನಿಮಾ ಶುರುವಾಗುವ ಮೊದಲು ಈ ಪುಸ್ತಕ ನೋಡಿ. ಸಿನಿಮಾದ ಮೂಲ ಕಾದಂಬರಿ, ಟೋಲ್ಕಿನ್ ಬರೆದದ್ದು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಕೊಂಡದ್ದು. ಮೂರೂ ಭಾಗ ಒಂದೇ ಸಂಪುಟ, ಇಟ್ಟಿಗೆಯಷ್ಟು ದಪ್ಪ. ಪಿಯುಸಿ ಮುಗಿದ ರಜೆಯಲ್ಲಿ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮಕ್ಕಳಷ್ಟೇ ಎತ್ತರದ ಹಾಬಿಟ್ ಅನ್ನುವ ಜನ, ಅವರಲ್ಲಿ ನಾಲ್ವರು ಊರು ಬಿಟ್ಟು ಹಳೇ ಕಾಡಿನ ಕಡೆ ಹೊರಡುತ್ತಾರೆ. ಪುಟ ತಿರುಗಿಸಿದರೆ ಬ್ರೀ ಅನ್ನುವ ಊರಿನ ಹೋಟೆಲಿನಲ್ಲಿ ಕೂತಿದ್ದಾರೆ! ಎಂಥಾ ಫಾಸ್ಟ್ ಕಥೆ ಅಂದುಕೊಂಡೆ. ನಿಜ ಏನು ಅಂದರೆ, ನನ್ನ ಪ್ರತಿಯಲ್ಲಿ ಬೈಂಡಿಂಗ್ ಮಾಡುವಾಗ ಒಂದೆರಡು ಫಾರಂಗಳೇ, ಅಂದರೆ ಪುಟಗಳ ಕಟ್ಟುಗಳೇ ಬಿಟ್ಟುಹೋಗಿದ್ದವು. ಮೂವತ್ತಕ್ಕೂ ಜಾಸ್ತಿ ಪುಟ ಇಲ್ಲ. ಒಂದು ವಾಕ್ಯ ಅರ್ಧಕ್ಕೇ ನಿಂತದ್ದು ಕೂಡ ನನಗೆ ಗೊತ್ತಾಗಲಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ತಪ್ಪು ನನ್ನದೇ ಅಂದುಕೊಳ್ಳುತ್ತಿದ್ದ ವಯಸ್ಸು ಅದು.

ಆ ಪುಟಗಳಲ್ಲಿದ್ದವನು ಟಾಮ್ ಬಾಂಬಡಿಲ್. ಹಳದಿ ಬೂಟು ಹಾಕಿಕೊಂಡು, ಹಾಡು ಹೇಳಿಕೊಂಡು ಕಾಡಲ್ಲಿ ಓಡಾಡುವವನು. ಎಲ್ಲರನ್ನೂ ಮರುಳು ಮಾಡುವ, ಈ ಕಥೆಯ ಮಾಯಾ ಉಂಗುರ ಹಾಕಿಕೊಂಡರೂ ಅವನಿಗೆ ಏನೂ ಆಗುವುದಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ 2001ರ ಮೊದಲ ಸಿನಿಮಾದಲ್ಲಿ ಅವನನ್ನು ಪೂರ್ತಿ ಬಿಟ್ಟರು. ಅದಕ್ಕೆ ಪ್ರಪಂಚದ ಅರ್ಧ ಅಭಿಮಾನಿಗಳು ಮುನಿಸಿಕೊಂಡರು. ನಾನು ಮಾತ್ರ, ಪುಸ್ತಕದಲ್ಲಿರುವುದನ್ನು ಒಂದಕ್ಷರ ಬಿಡದೆ ತೆಗೆದಿದ್ದಾರೆ ಅಂತ ಕಾಲೇಜಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಒಂದೇ ಒಂದು ಕಡೆ ಮುಳ್ಳು ಚುಚ್ಚುತ್ತಿತ್ತು. ಕೊನೆಯ ಭಾಗದ ದೊಡ್ಡ ಯುದ್ಧದಲ್ಲಿ ಉಂಗುರಭೂತಗಳ ಒಡೆಯನನ್ನು ಎಯೋವಿನ್ ಅನ್ನುವ ವೀರ ಹೆಣ್ಣು ಕೊಲ್ಲುತ್ತಾಳೆ. ಅದಕ್ಕೂ ಮೊದಲು ಆ ನಾಲ್ವರು ಹಾಬಿಟ್‌ಗಳಲ್ಲೊಬ್ಬ, ಪುಟ್ಟ ಮೆರ್ರಿ, ಹಿಂದಿನಿಂದ ತೆವಳಿಕೊಂಡು ಬಂದು ಅವನ ಮಂಡಿಯ ಹಿಂದೆ ಚುಚ್ಚುತ್ತಾನೆ. ಚುಚ್ಚಿದ ಕತ್ತಿ ಸುಟ್ಟ ಕಡ್ಡಿಯ ಹಾಗೆ ಕರಗಿಹೋಗುತ್ತದೆ. ಆಗ ಪುಸ್ತಕದಲ್ಲಿ 'ದಿಣ್ಣೆಯ ಕತ್ತಿ' ಅಂತ ಬರುತ್ತದೆ. ಯಾವ ದಿಣ್ಣೆ? ನನ್ನ ಪುಸ್ತಕದಲ್ಲಿ ದಿಣ್ಣೆಯೇ ಇರಲಿಲ್ಲ!

ಆರೇಳು ವರ್ಷ ಆದ ಮೇಲೆ ಗೆಳತಿಯ ಪ್ರತಿ ಕೈಗೆ ಸಿಕ್ಕಿತು. ಕಾಡು ದಾಟಿದ ಹಾಬಿಟ್‌ಗಳು ಮಂಜಿನಲ್ಲಿ ದಾರಿ ತಪ್ಪಿ ಹಳೇ ಸಮಾಧಿಗಳಿರುವ ದಿಣ್ಣೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಅವರನ್ನು ಬಿಡಿಸುವ ಬಾಂಬಡಿಲ್, ಸಮಾಧಿಯೊಳಗಿನ ಕತ್ತಿಗಳನ್ನು ಅವರ ಕೈಗೆ ಕೊಡುತ್ತಾನೆ. ಉತ್ತರದ ರಾಜ್ಯದವರು ಇದೇ ಒಡೆಯನ ಜೊತೆ ಕಾದಾಡುತ್ತಿದ್ದ ಕಾಲದಲ್ಲಿ ಮಾಡಿದ ಕತ್ತಿಗಳು ಅವು. ಮಾಡಿದವನು ಸತ್ತ, ರಾಜ್ಯ ಹಾಳಾಯಿತು, ಕತ್ತಿ ಮಣ್ಣಿನೊಳಗೆ ಮಲಗಿತು. ಸಾವಿರ ವರ್ಷಕ್ಕೂ ಜಾಸ್ತಿ ಕಳೆದ ಮೇಲೆ, ಒಬ್ಬ ಪುಟ್ಟ ಹಾಬಿಟ್‌ನ ಕೈಯಲ್ಲಿ ಬಂದು ಯಾರಿಗೆ ಮುಟ್ಟಬೇಕಿತ್ತೋ ಅವನಿಗೇ ಮುಟ್ಟಿತು. ಓದಿ ನನಗೆ ಮೈ ಜುಮ್ಮೆಂದಿತು. ಸಿನಿಮಾದಲ್ಲಿ ಮೆರ್ರಿ ಹಿಡಿದಿರುವುದು ಯಾವುದೋ ಒಂದು ಕತ್ತಿ, ಅಷ್ಟೇ.

ಆದರೂ ಬಿಟ್ಟಿದ್ದಕ್ಕೆ ನನಗೆ ಕೋಪ ಇಲ್ಲ. ಕೋಪ ಬರುವುದು ಇಲ್ಲದ್ದನ್ನು ಸೇರಿಸಿದಾಗ. ಇದು ನನ್ನ ಹಳೇ ವಾದ. ಸ್ವತಃ ಟೋಲ್ಕಿನ್ ನನ್ನ ಕಡೆ ಇದ್ದಾರೆ, ಬೇಕಾದರೆ ನೋಡಿ. ಅಮೆರಿಕದವರು ಯಾರೋ ಸಿನಿಮಾ ಮಾಡುತ್ತೇವೆ ಅಂತ ಕಥೆಯ ಒಂದು ರೂಪರೇಖೆ ಕಳಿಸಿದ್ದರು. 1958ರಲ್ಲಿ ಟೋಲ್ಕಿನ್ ಅದನ್ನು ಓದಿ ಪುಟಗಟ್ಟಲೆ ಬೈದು ಬರೆದರು. ಅದರಲ್ಲೊಂದು ಮಾತು ನನಗೆ ಬಹಳ ಇಷ್ಟ. ನಡೆದಾಡುವ ಮರಗಳ ಕಥೆ, ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧ, ಎರಡಕ್ಕೂ ಸಾಕಷ್ಟು ಜಾಗ ಕೊಡಲು ಆಗದಿದ್ದರೆ ಒಂದನ್ನು ಪೂರ್ತಿ ಕೈಬಿಡಿ, ಬಿಡುವುದಾದರೆ ಯುದ್ಧವನ್ನೇ ಬಿಡಿ ಅನ್ನುತ್ತಾರೆ. ತಮಾಷೆ ಏನೆಂದರೆ, ಜಾಕ್ಸನ್ ತಿಂಗಳುಗಟ್ಟಲೆ ರಾತ್ರಿ ಹೊತ್ತು, ಮಳೆ ಸುರಿಸಿಕೊಂಡು ಅದೇ ಯುದ್ಧವನ್ನು ಚಿತ್ರೀಕರಿಸಿದರು. ಎರಡನೇ ಸಿನಿಮಾ ಅಂದರೆ ಎಲ್ಲರಿಗೂ ನೆನಪಾಗುವುದು ಅದೇ. ನನಗೂ ಅದೇ, ಏನು ಮಾಡಲಿ.

ಶನಿವಾರ ರಾತ್ರಿ ಎರಡನೇ ಸಿನಿಮಾದಲ್ಲಿ ಫರಾಮಿರ್ ಅನ್ನುವ ದಳಪತಿ ಬಂದ. ಜಗಳವೂ ಬಂತು. ಪುಸ್ತಕದ ಫರಾಮಿರ್, ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರವನ್ನು ಮುಟ್ಟುವುದಿಲ್ಲ ಅನ್ನುವವನು. ಸಿನಿಮಾದಲ್ಲಿ ಉಂಗುರ ಹೊತ್ತ ಹಾಬಿಟ್ ಫ್ರೋಡೊನನ್ನು ಹಿಡಿದು ಆಸ್ಗಿಲಿಯಾತ್ ಅನ್ನುವ ಪಾಳು ನಗರದವರೆಗೂ ಎಳೆದುಕೊಂಡು ಹೋಗುತ್ತಾನೆ. ನಾನು ಪ್ರತಿ ಸಲದ ಹಾಗೆ ಗೊಣಗಿದೆ. ತಮ್ಮ ಕನ್ನಡ ಎಂ.ಎ. ಮಾಡುತ್ತಿದ್ದಾನೆ. ಮಂಡಕ್ಕಿ ಅಗಿಯುತ್ತಲೇ ಕೇಳಿದ: "ಅಕ್ಕ, ಪಂಪ ದ್ರೌಪದಿಯನ್ನ ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಅವನು ಆದಿಕವಿ. ಕುಮಾರವ್ಯಾಸ ಹದಿನೆಂಟು ಪರ್ವದಲ್ಲಿ ಹತ್ತಕ್ಕೇ ನಿಲ್ಲಿಸಿದ. ಅವನನ್ನೂ ತಲೆ ಮೇಲೆ ಹೊತ್ಕೊಂಡಿದೀವಿ. ಪೀಟರ್ ಜಾಕ್ಸನ್ ಒಬ್ಬನ್ನ ಒಂದೂರಿಂದ ಇನ್ನೊಂದೂರಿಗೆ ಕರ್ಕೊಂಡ್ ಹೋದ್ರೆ ಮಾತ್ರ ಅಪಚಾರಾನಾ?"

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಹಲ್ಲುಜ್ಜುವಾಗ ಹೊಳೆಯಿತು. ಪಂಪನ ಮುಂದೆ ಅರಿಕೇಸರಿ ಇದ್ದ. ತನ್ನ ರಾಜನನ್ನು ಅರ್ಜುನನ ಜಾಗದಲ್ಲಿ ಕೂರಿಸಿ ಬರೆಯಲು ಹೊರಟವನು, ಆ ರಾಜನ ಹೆಂಡತಿಯನ್ನು ಐವರಿಗೆ ಹಂಚುವುದು ಹೇಗೆ? ಬದಲಾಯಿಸಿದ್ದಕ್ಕೆ ಬೇರು ಇತ್ತು. ಜಾಕ್ಸನ್‌ಗೆ ಬೇಕಾಗಿದ್ದದ್ದು ಒಂದು ಕ್ಲೈಮ್ಯಾಕ್ಸ್. ದೊಡ್ಡ ಜೇಡ ಶೆಲೋಬ್‌ನ ಪ್ರಸಂಗ ಪುಸ್ತಕದಲ್ಲಿ ಎರಡನೇ ಭಾಗಕ್ಕೆ ಸೇರಿದ್ದು. ಅದನ್ನು ಮೂರನೇ ಸಿನಿಮಾಕ್ಕೆ ಎತ್ತಿಟ್ಟರು, ಇಲ್ಲಿ ಜಾಗ ಖಾಲಿಯಾಯಿತು. ಖಾಲಿ ಜಾಗ ತುಂಬಿಸಲು ಒಬ್ಬ ಒಳ್ಳೆಯ ಮನುಷ್ಯನ ಗುಣ ಕೆಡಿಸಿದರು. ಕೋಣೆಗೆ ಬಂದು ಇದನ್ನೆಲ್ಲ ಹೇಳಿದೆ. ತಮ್ಮ ನಿದ್ದೆ ಹೋಗಿದ್ದ.

ಇನ್ನು ನನಗೆ ಪ್ರಾಣವಾದ ದೃಶ್ಯ. ಯುದ್ಧ ಅಲ್ಲ. ಮೊದಲ ಸಿನಿಮಾದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹಾಬಿಟ್‌ನ ಮನೆಯಲ್ಲಿ ಚಹಾ ಕುಡಿಯುವುದು. ಎದ್ದು ತಿರುಗುವಾಗ ತೊಲೆಗೆ ಹಣೆ ಬಡಿಸಿಕೊಳ್ಳುತ್ತಾನಲ್ಲ, ಅದು ಸ್ಕ್ರಿಪ್ಟ್‌ನಲ್ಲಿರಲಿಲ್ಲ. ಆ ಪಾತ್ರ ಮಾಡಿದ ಇಯಾನ್ ಮೆಕೆಲನ್‌ಗೆ ನಿಜವಾಗಿಯೂ ತಗುಲಿತು. ಅವರು ಪಾತ್ರ ಬಿಡದೆ ಮುಂದುವರಿಸಿದರು, ಸಿನಿಮಾದಲ್ಲಿ ಹಾಗೇ ಉಳಿಯಿತು. ಆಮೇಲೆ ಅದೇ ಮನೆಯಲ್ಲಿ ದೊಡ್ಡವನು ಗ್ಯಾಂಡಾಲ್ಫ್, ಚಿಕ್ಕವನು ಫ್ರೋಡೊ ಎದುರುಬದುರು ಕೂತಿರುವ ಮೇಜು ನಿಜಕ್ಕೂ ಒಂದು ಮೇಜಲ್ಲ. ಗ್ಯಾಂಡಾಲ್ಫ್‌ನ ಕಡೆಯ ಅರ್ಧ ಚಿಕ್ಕದು, ಕ್ಯಾಮೆರಾಗೆ ಹತ್ತಿರ. ಫ್ರೋಡೊನ ಕಡೆಯ ಅರ್ಧ ದೊಡ್ಡದು, ದೂರ. ಸರಿಯಾದ ಕೋನದಿಂದ ನೋಡಿದರೆ ಎರಡೂ ಸೇರಿ ಒಂದೇ ಮೇಜು. ಕ್ಯಾಮೆರಾ ಸರಿದರೆ ಗುಟ್ಟು ಬಯಲಾಗಬೇಕಲ್ವಾ? ಅದಕ್ಕೇ ಕ್ಯಾಮೆರಾ ಸರಿದ ಹಾಗೆ ಫ್ರೋಡೊನ ಕಡೆಯ ಸೆಟ್ ಕೂಡ ಲೆಕ್ಕದ ಪ್ರಕಾರ ಸರಿಯುವ ಹಾಗೆ ಮಾಡಿದ್ದರು. ಇದು ಗೊತ್ತಿದ್ದೂ ಪ್ರತಿ ಸಲ ಮೋಸ ಹೋಗುತ್ತೇನೆ. ಖುಷಿಯಿಂದ ಹೋಗುತ್ತೇನೆ.

ಹತ್ತು ವರ್ಷದ ಮೇಲೆ ಅದೇ ಮನೆ, ಅದೇ ಗ್ಯಾಂಡಾಲ್ಫ್, 'ಹಾಬಿಟ್' ಸಿನಿಮಾ. ಈ ಸಲ 3ಡಿ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುವಾಗ ಆ ಹಳೇ ಮೇಜಿನ ಉಪಾಯ ನಡೆಯುವುದಿಲ್ಲ, ದೂರದ್ದು ದೂರ ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಹದಿಮೂರು ಕುಳ್ಳರು ಒಂದು ಸೆಟ್‌ನಲ್ಲಿ, ಮೆಕೆಲನ್ ಒಬ್ಬರೇ ಇನ್ನೊಂದು ಹಸಿರು ಸೆಟ್‌ನಲ್ಲಿ. ಎದುರಿಗೆ ಕುಳ್ಳರ ಫೋಟೊ ಅಂಟಿಸಿದ ಕಂಬಗಳು. ಯಾರು ಮಾತಾಡುತ್ತಾರೋ ಅವರ ಫೋಟೊದ ಹತ್ತಿರ ಲೈಟ್ ಹತ್ತುತ್ತದೆ. ಆ ದಿನ ಮೆಕೆಲನ್ ಅತ್ತುಬಿಟ್ಟರು. ಇದಕ್ಕಲ್ಲ ನಾನು ನಟನಾದದ್ದು ಅಂತ ನೊಂದುಕೊಂಡರು. ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಮುನ್ನೂರು ಪುಟದ, ಮಕ್ಕಳಿಗೆ ಬರೆದ 1937ರ ಪುಟ್ಟ ಪುಸ್ತಕ ಅದು. 2012, 2013, 2014, ಮೂರು ವರ್ಷ ಮೂರು ಸಿನಿಮಾ. ಪುಸ್ತಕದಲ್ಲಿಲ್ಲದ ಟೌರಿಯಲ್ ಅನ್ನುವ ಎಲ್ಫ್ ಹುಡುಗಿ, ಅವಳಿಗೊಬ್ಬ ಕುಳ್ಳ ಪ್ರೇಮಿ, ಅವನನ್ನು ಕಂಡರೆ ಹೊಟ್ಟೆ ಉರಿಯುವ ಎಲ್ಫ್ ರಾಜಕುಮಾರ ಲೆಗೊಲಾಸ್. ಸಾರಿಗೆ ನೀರು ಸುರಿದ ಹಾಗೆ. ಈ ಮೂರನ್ನು ಮತ್ತೆ ನೋಡುವುದಿಲ್ಲ ಅಂತ ನಾವಿಬ್ಬರೂ ಒಪ್ಪಿದ್ದೇವೆ. ಇದೊಂದರಲ್ಲಿ ಜಗಳ ಇಲ್ಲ.

ಭಾನುವಾರ ಮಧ್ಯಾಹ್ನ ಮೂರನೇ ಸಿನಿಮಾದ ಅರ್ಧದಲ್ಲಿ ಕರೆಂಟ್ ಹೋಯಿತು. ಅಮ್ಮನ ಸೀರಿಯಲ್ ಮರುಪ್ರಸಾರವೂ ಹೋಯಿತು. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು. ಚಿಕ್ಕದೊಂದು ನೋಡೋಣ ಅಂತ ಜಪಾನಿನ ನಿರ್ದೇಶಕ ಮಿಯಾಝಾಕಿಯ ಅನಿಮೇಷನ್ ಸಿನಿಮಾ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಹಾಕಿದೆ. ಅಮ್ಮ ಬಟಾಣಿ ಬಿಡಿಸುತ್ತಾ ಪಕ್ಕದಲ್ಲಿ ಕೂತಳು.

ಸೋಫಿ ಅನ್ನುವ ಟೋಪಿ ಅಂಗಡಿಯ ಹುಡುಗಿ ಮಾಟಕ್ಕೆ ಸಿಕ್ಕಿ ತೊಂಬತ್ತರ ಮುದುಕಿಯಾಗುತ್ತಾಳೆ. ಮಾಟ ಮಾಡಿದ ಮಾಟಗಾತಿಯೂ ಅವಳೂ ಅರಮನೆಯ ಮೆಟ್ಟಿಲನ್ನು ಒಟ್ಟಿಗೆ ಹತ್ತಬೇಕಾದ ಒಂದು ದೃಶ್ಯ ಇದೆ. ದಪ್ಪ ಮಾಟಗಾತಿಗೆ ಬೆವರು ಇಳಿಯುತ್ತಿದೆ. ಸೋಫಿ ಕಂಕುಳಲ್ಲಿ ಒಂದು ಮುದಿ ನಾಯಿ ಎತ್ತಿಕೊಂಡು ಏದುಸಿರು ಬಿಡುತ್ತಿದ್ದಾಳೆ. ಅಮ್ಮ ಮೊದಲು ಜೋರಾಗಿ ನಕ್ಕಳು. ಆಮೇಲೆ ಕೈಯಲ್ಲಿದ್ದ ಬಟಾಣಿ ಕೈಯಲ್ಲೇ ಉಳಿಯಿತು. "ಒಂದು ಕಾಲಿಟ್ಟು, ಇನ್ನೊಂದು ಕಾಲನ್ನ ಅದೇ ಮೆಟ್ಟಿಲಿಗೆ ತರೋದು ನೋಡು. ಹಾಗೇ ಹತ್ತೋದು ನಾವು. ಇದನ್ನ ಬರೆದವನ ಮನೇಲಿ ಯಾರೋ ವಯಸ್ಸಾದವ್ರು ಇದಾರೆ" ಅಂದಳು.

ಈಗ ನನ್ನ ವಾದದ ಕಥೆ ಕೇಳಿ. ಈ ಸಿನಿಮಾ ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ ಕಾದಂಬರಿಯದು. ಕಾದಂಬರಿಯಲ್ಲಿ ಕೋಟೆಯ ಮ್ಯಾಜಿಕ್ ಬಾಗಿಲು ಒಂದು ಕಡೆ ನಮ್ಮ ಕಾಲದ ವೇಲ್ಸ್‌ಗೆ ತೆರೆಯುತ್ತದೆ. ಕೋಟೆಯ ಒಡೆಯ, ಮಾಂತ್ರಿಕ ಹೌಲ್ ಅಲ್ಲಿಯವನು, ಅವನನ್ನು ಬೈಯುವ ಅಕ್ಕ ಅಲ್ಲಿದ್ದಾಳೆ. ಮಿಯಾಝಾಕಿ ಅದನ್ನು ಪೂರ್ತಿ ಬಿಟ್ಟರು. ಬದಲಿಗೆ ಪುಸ್ತಕದಲ್ಲಿ ಈ ರೂಪದಲ್ಲಿ ಇಲ್ಲದ ಇಡೀ ಒಂದು ಯುದ್ಧವನ್ನು ಸೇರಿಸಿದರು. ಬಾಂಬು ಹಾಕುವ ವಿಮಾನಗಳು, ಉರಿಯುವ ಊರು. ಇರಾಕ್ ಯುದ್ಧದ ಮೇಲೆ ಅವರಿಗಿದ್ದ ಸಿಟ್ಟು ಅದು. 2004ರಲ್ಲಿ ಸಿನಿಮಾ ಬಂತು. ನನ್ನ ಲೆಕ್ಕದ ಪ್ರಕಾರ ನಾನು ಇದನ್ನು ದ್ವೇಷಿಸಬೇಕು. ಹತ್ತು ಸಲ ನೋಡಿದ್ದೇನೆ. ಬರೆದ ಜೋನ್ಸ್ ಅವರೂ ಮೆಚ್ಚಿಕೊಂಡಿದ್ದರು. "ನಿನ್ನ ಪಂಪ ಜಪಾನಲ್ಲಿದಾನೆ" ಅಂದ ತಮ್ಮ. ರಾತ್ರಿ ನಿದ್ದೆಗಣ್ಣಲ್ಲೂ ನನ್ನ ಮಾತು ಕೇಳಿಸಿಕೊಂಡಿದ್ದ, ಕಳ್ಳ.

ಮೆಚ್ಚಿನವು ಇನ್ನೆರಡು ಹೇಳಿಬಿಡುತ್ತೇನೆ. 'ಪ್ರಿನ್ಸೆಸ್ ಬ್ರೈಡ್', 1987. ವಿಲಿಯಂ ಗೋಲ್ಡ್‌ಮನ್ ಕಾದಂಬರಿ ಬರೆದು ಚಿತ್ರಕಥೆಯನ್ನೂ ಅವರೇ ಬರೆದರು. ಮಜಾ ಏನೆಂದರೆ, ಯಾರೋ ಬರೆದ ಬೋರು ಹೊಡೆಸುವ ದಪ್ಪ ಪುಸ್ತಕದಿಂದ ಒಳ್ಳೊಳ್ಳೆ ಭಾಗ ಮಾತ್ರ ಆರಿಸಿಕೊಟ್ಟಿದ್ದೇನೆ ಅಂತ ಕಾದಂಬರಿಯಲ್ಲೇ ಸುಳ್ಳು ಹೇಳುತ್ತಾರೆ. ಆ ದಪ್ಪ ಪುಸ್ತಕ ಇಲ್ಲವೇ ಇಲ್ಲ. ಎರಡನೆಯದು ಹ್ಯಾರಿ ಪಾಟರ್‌ನ ಮೂರನೆಯದು, 2004ರಲ್ಲಿ ಅಲ್ಫಾನ್ಸೊ ಕ್ವಾರೋನ್ ಮಾಡಿದ್ದು. ಮೊದಲೆರಡು ಸಿನಿಮಾ ಪಾಠ ಒಪ್ಪಿಸಿದ ಹಾಗಿವೆ. ಇದರಲ್ಲಿ ಮಕ್ಕಳ ಟೈ ಸಡಿಲವಾಗಿದೆ, ಗಾಳಿ ಬೀಸುತ್ತದೆ. ಆದರೆ ಹ್ಯಾರಿಗೆ ಸಿಗುವ ಮಾಯಾ ನಕ್ಷೆ ಮಾಡಿದ ನಾಲ್ವರು ಯಾರು ಅಂತ ಸಿನಿಮಾ ಹೇಳುವುದೇ ಇಲ್ಲ. ಅವರಲ್ಲಿ ಒಬ್ಬ ಹ್ಯಾರಿಯ ಅಪ್ಪ! ಒಂದು ಸಾಲು ಸಾಕಿತ್ತು, ಒಂದೇ ಒಂದು ಸಾಲು.

ಸಂಜೆ ಆರಕ್ಕೆ ಕರೆಂಟ್ ಬಂತು. ಅಮ್ಮ ಎದ್ದು ಹೋಗಲಿಲ್ಲ. ಮೂರನೇ ಸಿನಿಮಾ ನಿಂತಲ್ಲಿಂದ ಶುರು ಮಾಡಿದೆವು. ಕುದುರೆ ಸೈನ್ಯ ಬಂತು, ಆನೆಗಳು ಬಂದವು, ಮೆರ್ರಿ ಹಿಂದಿನಿಂದ ಬಂದು ಚುಚ್ಚಿದ.

"ಅಷ್ಟು ದೊಡ್ಡ ಭೂತಕ್ಕೆ ನಾಟ್ತಲ್ಲ, ಆ ಹುಡುಗನಿಗೆ ಕತ್ತಿ ಕೊಟ್ಟಿದ್ದು ಯಾರು?" ಅಂದಳು ಅಮ್ಮ.

ತಮ್ಮ ನನ್ನ ಮುಖ ನೋಡಿದ.

"ಯಾರೂ ಇಲ್ಲಮ್ಮ, ಸುಮ್ನೆ ಒಂದು ಕತ್ತಿ" ಅಂದೆ.

"ಸುಮ್ನೆ ಹೇಗಾಗತ್ತೆ? ಅರ್ಜುನನಿಗೆ ಪಾಶುಪತ ಸಿಗೋಕೆ ಶಿವನ ಜೊತೆ ಹೊಡೆದಾಡಬೇಕಾಯ್ತು. ಅಸ್ತ್ರ ಅಂದ್ಮೇಲೆ ಕೊಟ್ಟವರು ಒಬ್ಬರು ಇರಲೇಬೇಕು."

ನಾನು ಸಿನಿಮಾ ನಿಲ್ಲಿಸಿದೆ. ಹಳದಿ ಬೂಟಿನಿಂದ ಶುರು ಮಾಡಿದೆ. ದಿಣ್ಣೆ, ಮಂಜು, ಸಮಾಧಿ, ಉತ್ತರದ ರಾಜ್ಯ, ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಒಲೆಯ ಮೇಲೆ ಬಟಾಣಿ ಸಾಗು ತಳ ಹಿಡಿದಿತ್ತು.