ಕಾರು ಕೊಳ್ಳುವ ಮುಂಚೆ ಸಣ್ಣ ಅಕ್ಷರ ಓದಿ

ನಮಸ್ಕಾರ. ಕಾರಿನ ಬ್ರೋಷರ್‌ನಲ್ಲಿ ಅಂಕಿಗಳೆಲ್ಲ ದಪ್ಪಗೆ ಇರುತ್ತವೆ. ಆ ಅಂಕಿ ಯಾವಾಗ ನಿಜ ಅನ್ನೋದನ್ನು ಮಾತ್ರ ಪಕ್ಕದಲ್ಲಿ ಸಣ್ಣದಾಗಿ ಹಾಕಿರುತ್ತಾರೆ. ಕಾರು ನೋಡಲು ಶಿವಮೊಗ್ಗಕ್ಕೆ ಹೊರಟಿದ್ದೀರಾ? ಹಾಗಾದರೆ ಆ ಸಣ್ಣ ಅಕ್ಷರವನ್ನೇ ಮೊದಲು ನೋಡೋಣ.

[ಪರದೆ: ಆಗುಂಬೆ ಘಾಟಿ, ತಿರುವು ಹತ್ತುತ್ತಿರುವ ಕಾರು]

ಪವರ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಟಾರ್ಕ್ ಕೇಳುವವರು ಕಡಿಮೆ. ಟಾರ್ಕ್ ಅಂದರೆ ಎಂಜಿನ್‌ಗೆ ಇರುವ ತಿರುಗಿಸುವ ಬಲ, ನಮ್ಮ ಮಾತಿನಲ್ಲಿ ಎಳೆತ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಐದು ಜನ, ಡಿಕ್ಕಿ ತುಂಬ ಲಗೇಜು ಹಾಕಿಕೊಂಡು ಹತ್ತುತ್ತೀರಿ. ಪ್ರತಿ ತಿರುವಿನಲ್ಲೂ ವೇಗ ಇಳಿಯುತ್ತದೆ, ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ಕುಸಿಯುತ್ತದೆ. ಆಗ ಎಳೆತ ಬೇಕು.

[ಪರದೆ: 113 ಎನ್‌ಎಂ @ 4,400 ಆರ್‌ಪಿಎಂ / 170 ಎನ್‌ಎಂ @ 1,750 ಆರ್‌ಪಿಎಂ]

ಉದಾಹರಣೆಗೆ ಈ ಎರಡು ಸಾಲು ನೋಡಿ. ಎನ್‌ಎಂ ಅಂದರೆ ಎಳೆತದ ಅಳತೆ. ಮೊದಲನೆಯದು ಸಾಮಾನ್ಯ ಪೆಟ್ರೋಲ್ ಎಂಜಿನ್. ಇದರ ಪೂರ್ತಿ ಎಳೆತ ಸಿಗುವುದು 4,400 ಆರ್‌ಪಿಎಂನಲ್ಲಿ. ತಿರುವಿನಲ್ಲಿ ಗೇರ್ ಇಳಿಸಿ, ಎಂಜಿನ್ ಕೂಗಿಸಿಯೇ ಹತ್ತಬೇಕು. ಎರಡನೆಯದು ಟರ್ಬೊ, ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬಿಸುವಂಥದ್ದು. 1,750ಕ್ಕೇ ಪೂರ್ತಿ ಎಳೆಯುತ್ತದೆ. ಹಾಗಂತ ಟರ್ಬೊನೇ ಬೇಕು ಅಂತಲ್ಲ, ಬೆಲೆ ಜಾಸ್ತಿ. ದಿನಾ ಭದ್ರಾವತಿ–ಶಿವಮೊಗ್ಗ ಓಡಾಡುವವರಿಗೆ ಮೊದಲನೆಯದೇ ಸಾಕು. ಆದರೆ @ ಗುರುತಿನ ನಂತರದ ಅಂಕಿ ನೋಡದೆ ಘಟ್ಟದ ಮೇಲಿನವರು ಗಾಡಿ ಬುಕ್ ಮಾಡಬಾರದು.

ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಜಾರಬಹುದು. ಅದಕ್ಕೇ ಹಿಲ್ ಹೋಲ್ಡ್ ಇರುವುದು. ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಕಾಲು ಹೋಗುವ ತನಕ ಅದು ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸನ್‌ರೂಫ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ನಮ್ಮ ಮಳೆಗೆ ಸನ್‌ರೂಫ್ ತೆರೆಯೋದಾದರೂ ಯಾವಾಗ?

ಗ್ರೌಂಡ್ ಕ್ಲಿಯರೆನ್ಸ್ ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ. ಅದರ ಪಕ್ಕ 'ಅನ್‌ಲೇಡನ್' ಅಂತ ಇದ್ದರೆ ಅದು ಖಾಲಿ ಗಾಡಿಯ ಅಳತೆ. ಜನ ಕೂತ ಮೇಲೆ ಸ್ಪ್ರಿಂಗ್ ಇಳಿಯುತ್ತದೆ. ತೋಟದ ಮಣ್ಣುದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು ಬಿದ್ದಿರುತ್ತವೆ. ನಡುವಿನ ದಿಬ್ಬ ಹಾಗೇ ಎತ್ತರ ಉಳಿದಿರುತ್ತದೆ. ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ತಾಗುವುದು ಅಲ್ಲೇ. ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ.

ಎಆರ್‌ಎಐ, ಅಂದರೆ ಗಾಡಿ ಪರೀಕ್ಷೆ ಮಾಡುವ ಸಂಸ್ಥೆ ಕೊಟ್ಟ ಮೈಲೇಜ್? ಅದು ಲ್ಯಾಬ್‌ನಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು. ಎರಡು ಕಾರು ಹೋಲಿಸಲು ಸರಿ, ತಿಂಗಳ ಪೆಟ್ರೋಲ್ ಲೆಕ್ಕಕ್ಕೆ ಅಲ್ಲ.

[ಪರದೆ: ಕೊಟೇಶನ್ ಹಾಳೆ]

ಈಗ ದುಡ್ಡಿನ ವಿಷಯ. ಎಕ್ಸ್-ಶೋರೂಂ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ರಸ್ತೆ ತೆರಿಗೆ ಮತ್ತು ಇನ್ಶೂರೆನ್ಸ್ ಸೇರಿರುವುದಿಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ. 14. ಅಂದರೆ 8 ಲಕ್ಷದ ಕಾರಿಗೆ 1.12 ಲಕ್ಷ, ಮೇಲೆ ಸೆಸ್. ಎಲ್ಲ ಸೇರಿದ್ದು ಆನ್-ರೋಡ್ ಬೆಲೆ. ಚೌಕಾಸಿ ಮಾಡಬೇಕಾದ್ದು ಅದರ ಮೇಲೆ. 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಒಂದು ಸಾಲು ಇದ್ದರೆ, ಇದು ಯಾಕೆ ಅಂತ ಕೇಳಿ. ಸುಮ್ನೆ ಕೊಡಬೇಡಿ.

ಸಾಲದಲ್ಲಿ ಮೋಸ ಹೋಗುವುದು 'ಫ್ಲ್ಯಾಟ್ ರೇಟ್' ಹತ್ತಿರ. "ಸರ್, ಬ್ಯಾಂಕಲ್ಲಿ ಒಂಬತ್ತು, ನಮ್ಮಲ್ಲಿ ಏಳೇ" ಅಂತಾರೆ ಫೈನಾನ್ಸ್‌ನವರು. 5 ಲಕ್ಷ, 5 ವರ್ಷ ಅಂತ ಇಟ್ಟುಕೊಳ್ಳಿ. ಶೇ. 7 ಫ್ಲ್ಯಾಟ್ ಅಂದರೆ ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಕೊನೆ ತನಕ ಪೂರ್ತಿ 5 ಲಕ್ಷಕ್ಕೇ. ಒಟ್ಟು ಬಡ್ಡಿ 1.75 ಲಕ್ಷ, ತಿಂಗಳ ಕಂತು 11,250. ಬ್ಯಾಂಕಿನ ಶೇ. 9 'ರೆಡ್ಯೂಸಿಂಗ್' ಆದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಕಂತು ಸುಮಾರು 10,380, ಒಟ್ಟು ಬಡ್ಡಿ 1.23 ಲಕ್ಷದ ಒಳಗೆ. ಆ ಏಳು ರೆಡ್ಯೂಸಿಂಗ್ ಲೆಕ್ಕದಲ್ಲಿ ಸುಮಾರು ಹನ್ನೆರಡೂವರೆ!

ಸಾಲದ ಗಾಡಿಯ ಆರ್‌ಸಿಯಲ್ಲಿ 'ಹೈಪೋಥಿಕೇಶನ್' ಅಂತ ಬ್ಯಾಂಕಿನ ಹೆಸರಿರುತ್ತದೆ. ಕೊನೇ ಕಂತು ಕಟ್ಟಿದರೂ ಅದು ತಾನಾಗೇ ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪವಿಲ್ಲ ಅನ್ನುವ ಪತ್ರ, ತಂದು ಆರ್‌ಟಿಒದಲ್ಲಿ ತೆಗೆಸಿ.

ಇನ್ಶೂರೆನ್ಸ್‌ನಲ್ಲಿ ಐಡಿವಿ ಅಂದರೆ ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ. ಪ್ರೀಮಿಯಂ ಇಳಿಸಿದ್ದೇವೆ ಅಂದರೆ ಐಡಿವಿ ಇಳಿಸಿದ್ದಾರಾ ನೋಡಿ. ಮಲೆನಾಡಿಗೆ ಮುಖ್ಯವಾದ್ದು ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್. ಹಳ್ಳ ಉಕ್ಕಿ ರಸ್ತೆ ಮೇಲೆ ನೀರು ನಿಂತಾಗ ಗಾಡಿ ಇಳಿಸಿದರೆ ಗಾಳಿ ಎಳೆಯುವ ದಾರಿಯಲ್ಲಿ ನೀರು ಎಂಜಿನ್ ಒಳಗೆ ಹೋಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡುವುದಿಲ್ಲ. ನೀರಿನಲ್ಲಿ ಆಫ್ ಆದ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಕೊಟೇಶನ್‌ನಲ್ಲಿ ಅರ್ಥವಾಗದ ಸಾಲು ಇದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ. ಹಾಳೆಯ ಫೋಟೊ ಹಾಕುವುದಾದರೆ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ.